ನೂರೆಂಟು ಸುತ್ತಿಗೆ ಸಾಕಾಗುವಷ್ಟು ಉಸಿರು

ಪತ್ರ ಬಂದಾಗ ನಾನು ಹಿತ್ತಲಲ್ಲಿ ಕೂತು ಜೋಳದ ಹಿಟ್ಟು ಸಾಣಿಸುತ್ತಿದ್ದೆ. ಸೆರಗನ್ನು ಮೂಗಿನ ಮೇಲೆ ಎರಡು ಸುತ್ತು ತಂದು ಹಿಂದೆ ಗಂಟು ಹಾಕಿಕೊಂಡಿದ್ದೆ. ಹಿಟ್ಟಿನ ಧೂಳು ಮೂಗಿಗೆ ಹೋದರೆ ನನಗೆ ಸೀನು ಶುರುವಾಗುತ್ತಿತ್ತು. ಒಂದೆರಡಲ್ಲ, ಹದಿನಾಲ್ಕು ಹದಿನೈದು. ಸೀನು ಮುಗಿದ ಮೇಲೆ ಎದೆಯೊಳಗೆ ಯಾರೋ ಪೀಪಿ ಊದಿದ ಹಾಗೆ ಸುಂಯ್ ಎನ್ನುವ ಸದ್ದು. ಅದಕ್ಕಾಗಿ ಆ ವೇಷ. ನಮ್ಮ ಅತ್ತೆ ನೋಡಿದಾಗಲೆಲ್ಲ, "ಏನ ಬೇ, ಹಿಟ್ಟ ಸಾಣಸಾಕ ಕುಂತೀಯೋ, ದರೋಡಿಗೆ ಹೊಂಟೀಯೋ?" ಎನ್ನುತ್ತಿದ್ದರು.

ಊಟಕ್ಕೆಂದು ಅಂಗಡಿಯಿಂದ ಬಂದ ನಮ್ಮ ಮನೆಯವರ ಕೈಯಲ್ಲಿ ಒಂದು ಇನ್‌ಲ್ಯಾಂಡ್ ಪತ್ರವಿತ್ತು. ಕುಪ್ಪೇಲೂರಿಗೆ ಕೊಟ್ಟ ನನ್ನ ತಂಗಿ ಬರೆದದ್ದು. ನನ್ನ ಕೈತುಂಬ ಹಿಟ್ಟು, ಆದ್ದರಿಂದ ಅವರೇ ನಿಂತು ಓದಿದರು.

"ಅಕ್ಕಾ, ಶಿವರಾತ್ರಿ ಆದ ಮ್ಯಾಲಿನ ಸೋಮವಾರ ಕೂಸಿನ ಜವಳಾ ಮಾಡೂದಂತ ಹಿರಿಯಾರು ನಿಶ್ಚೇ ಮಾಡ್ಯಾರ. ಕೂದಲಾ ಕಣ್ಣಾಗ ಬೀಳಾಕತ್ತಾವ, ಅಂಬೆಗಾಲಿಟಗೊಂಡು ಹೋಗಿ ಬಾಗಲಕ್ಕ ತಲಿ ಬಡಕೋತಾಳ. ಆದ್ರ ನಮ್ಮತ್ತಿಯವರು ಪಟ್ಟ ಹಿಡದಾರ. ನಿಮ್ಮಕ್ಕನ ಹರಕಿ ತೀರೂಮಟಾ ಕೂಸಿನ ತಲಿಗೆ ಕತ್ತರಿ ಹಚ್ಚೂದಿಲ್ಲ ಅಂತಾರ. ನಿನಗ ಆಗತೈತೇನ ಅಕ್ಕಾ? ಆಗದಿದ್ರ ಹೇಳು, ನಾನ ಬಂದು ಸುತ್ತ ಹಾಕ್ತೇನಿ."

ಹರಕೆಯ ಮಾತು ಹೇಳಿಬಿಡುತ್ತೇನೆ. ಹಿಂದಿನ ಯುಗಾದಿ ಕಳೆದ ವಾರ ನನ್ನ ತಂಗಿಯನ್ನು ಹೆರಿಗೆಗೆ ರಾಣೆಬೆನ್ನೂರಿನ ದವಾಖಾನೆಗೆ ಸೇರಿಸಿದ್ದರು. ಮದುವೆಯಾಗಿ ಏಳು ವರ್ಷದ ಮೇಲೆ ನಿಂತ ಬಸಿರು. ಎರಡು ದಿನ ಬೇನೆ ತಿಂದಳು. ಎರಡನೆಯ ದಿನ ಮಧ್ಯಾಹ್ನ ನರ್ಸು ಹೊರಗೆ ಬಂದು, "ದೇವರನ್ನ ನೆನಸ್ರಿ" ಎಂದಷ್ಟೇ ಹೇಳಿ ಒಳಗೆ ಹೋದಳು. ಫಿನಾಯಿಲಿನ ವಾಸನೆಗೆ ನನ್ನ ಎದೆ ಆಗಲೇ ಕಟ್ಟಿತ್ತು. ಗೋಡೆಗೆ ಒರಗಿ ನಿಂತು, ನಮ್ಮ ಬ್ಯಾಡಗಿಯ ಹಣಮಪ್ಪನನ್ನು ನೆನೆದು, "ತಾಯಿ ಕೂಸು ಇಬ್ಬರೂ ಉಳಿದರೆ ಒಂದೇ ಮುಂಜಾನೆಯಲ್ಲಿ ನಿನ್ನ ಗುಡಿಗೆ ನೂರೆಂಟು ಸುತ್ತು ಹಾಕುತ್ತೇನೆ, ನಡುವೆ ಕೂರುವುದಿಲ್ಲ" ಎಂದುಬಿಟ್ಟೆ. ಐದು ಕಾಯಿ ಒಡೆಸುತ್ತೇನೆ ಎಂದಿದ್ದರೂ ಅವನು ಒಪ್ಪುತ್ತಿದ್ದನೇನೋ. ಆದರೆ ಆ ಹೊತ್ತಿನಲ್ಲಿ ನನ್ನ ಹತ್ತಿರ ಯಾವುದು ಎಲ್ಲಕ್ಕಿಂತ ಕಡಿಮೆ ಇತ್ತೋ ಅದನ್ನೇ ಕೊಡುತ್ತೇನೆಂದು ಬಾಯಿ ಹೇಳಿತು. ಒಂದು ತಾಸಿನೊಳಗೆ ಒಳಗಿನಿಂದ ಕೂಸು ಅತ್ತ ಸದ್ದು ಕೇಳಿತು. ಎಂಥ ಗಂಟಲು ಅಂತೀರಿ! ಆ ಉಸಿರು ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು.

ಕೂಸಿಗೆ ಈಗ ಹತ್ತು ತಿಂಗಳು. ಹರಕೆ ಹಾಗೆಯೇ ಉಳಿದಿತ್ತು.

ನಾನು ಹುಟ್ಟಿ ಬೆಳೆದದ್ದು ಹಲಗೇರಿಯಲ್ಲಿ. ಹುಡುಗಿಯಾಗಿದ್ದಾಗ ಹೊಲದ ಬದುವಿನ ಮೇಲೆ ಓಡಿದವಳು, ಹುಣಸೆ ಗಿಡ ಹತ್ತಿದವಳು. ದಮ್ಮು ಅಂದರೆ ಏನೆಂದು ಗೊತ್ತಿರಲಿಲ್ಲ. ಮದುವೆಯಾಗಿ ಬ್ಯಾಡಗಿಗೆ ಬಂದ ಮೊದಲ ಚಳಿಗಾಲದಲ್ಲಿಯೇ ಅದು ಪರಿಚಯವಾಯಿತು. ಸಂಕ್ರಾಂತಿಯ ಹೊತ್ತಿಗೆ ನಮ್ಮೂರಿನ ರಸ್ತೆಗಳು ಕೆಂಪಾಗುತ್ತವೆ. ಚಕ್ಕಡಿ, ಟ್ರ್ಯಾಕ್ಟರು, ಲಾರಿ, ಎಲ್ಲದರ ಮೇಲೂ ಮೆಣಸಿನಕಾಯಿ. ಮನೆಮನೆಯ ಕಟ್ಟೆಯ ಮೇಲೆ ಹೆಂಗಸರು ಗುಂಪಾಗಿ ಕೂತು ತೊಟ್ಟು ಬಿಡಿಸುತ್ತಾರೆ. ಅದರ ಧೂಳು ಗಾಳಿಯಲ್ಲಿ ನಿಂತೇ ಇರುತ್ತದೆ. ಊರಿನವರಿಗೆ ಅದು ಗೊತ್ತೂ ಆಗುವುದಿಲ್ಲ, ಹೊರಗಿನವರು ಎರಡು ದಿನ ಕೆಮ್ಮಿ ಸುಮ್ಮನಾಗುತ್ತಾರೆ. ನನಗೆ ಮಾತ್ರ ಅದು ಎದೆಯಲ್ಲಿ ಮನೆ ಮಾಡಿತು. ಮಳೆಗಾಲಕ್ಕೆ ಖಾಲಿ ಜಾಗದಲ್ಲೆಲ್ಲ ಕಾಂಗ್ರೆಸ್ ಕಸ ಬೆಳೆದು ಬಿಳಿ ಹೂವು ಬಿಟ್ಟರೆ ಮೂಗು, ಕಣ್ಣು ಸುರಿಯುವುದು. ಚಳಿಗಾಲಕ್ಕೆ ಮೆಣಸಿನಕಾಯಿ. ನಡುವೆ ಒಂದೆರಡು ತಿಂಗಳು ದೇವರು ನನ್ನ ಪಾಲಿಗೆ ಬಿಟ್ಟುಕೊಟ್ಟದ್ದು. ಹಾಗೆಂದು ಮೆಣಸಿನಕಾಯಿಯನ್ನು ನಾನು ಯಾವತ್ತೂ ಬೈದಿಲ್ಲ. ನಮ್ಮ ಅಂಗಡಿ ನಡೆದದ್ದು, ನನ್ನ ಮಕ್ಕಳು ಶಾಲೆ ಕಲಿತದ್ದು ಅದರ ಹೊಟ್ಟೆಯಿಂದಲೇ.

ಪತ್ರ ಓದಿ ಮುಗಿದಾಗ ಅತ್ತೆ ಎಣಿಸಿದರು. "ಆರ ಶನಿವಾರ ಅದಾವ." ಹಣಮಪ್ಪನ ವಾರ ಶನಿವಾರ, ಹರಕೆ ತೀರಬೇಕಾದದ್ದೂ ಶನಿವಾರವೇ.

"ಆಕಿಗೆ ಎಲ್ಲಿ ಆಗತೈತೆವ್ವಾ" ಎಂದರು ನಮ್ಮ ಮನೆಯವರು. "ಮನಿಯಾಗ ಯಾರರೆ ಒಬ್ಬರು ತೀರಿಸಿದ್ರ ಆತು."

"ನಾ ಹಾಕ್ತೇನಿ" ಎಂದರು ಅತ್ತೆ. ಅರವತ್ತು ದಾಟಿದ್ದರೂ ಅವರ ಕಾಲು ಗಟ್ಟಿ. "ನೂರೆಂಟ ಅಂದ್ರ ನನಗೇನ ಹೆಚ್ಚ? ನೀ ನಾಕ ಹೆಜ್ಜಿ ನಡದ್ರ ತಿದಿ ಊದಿದಂಗ ಊದತೀದಿ."

ಅವರು ಹೇಳಿದ್ದು ಖರೆ. ಆದರೆ ದೇವರ ಮುಂದೆ ಮಾತು ಆಡಿದವಳು ನಾನು, ಕಾಲು ಇನ್ನೊಬ್ಬರದಾದರೆ ಹೇಗೆ? ಅವತ್ತು ಗೋಡೆಗೆ ಒರಗಿ ನಿಂತಿದ್ದ ನನ್ನನ್ನು ಅವನು ನೋಡಿದ್ದ. "ಇಲ್ರಿ ಅತ್ತಿ, ನಾನ ಹಾಕ್ತೇನ್ರಿ" ಎಂದೆ. ಹೇಳಿ ಮುಗಿಯುವಷ್ಟರಲ್ಲಿ ಎಂಟು ಸೀನು ಬಂದವು. ಅತ್ತೆ ಹಣೆ ಚಚ್ಚಿಕೊಂಡು ಒಳಗೆ ಹೋದರು.

ಮೊದಲ ಶನಿವಾರ ಒಬ್ಬಳೇ ಹೋದೆ. ಗುಡಿ ಇದ್ದದ್ದು ಕಾಗಿನೆಲೆ ರಸ್ತೆಯ ಅಂಚಿನಲ್ಲಿ, ಊರು ಮುಗಿಯುವಲ್ಲಿ. ಚಿಕ್ಕ ಗುಡಿ, ಸುತ್ತ ಮಣ್ಣಿನ ದಾರಿ, ಮುಂದೆ ಒಂದು ಬೇವಿನ ಮರ, ಅದಕ್ಕೊಂದು ಕಟ್ಟೆ. ಒಂದು ಸುತ್ತಿಗೆ ನನ್ನ ಹೆಜ್ಜೆಯಲ್ಲಿ ಎಪ್ಪತ್ತು. ಲಗೂ ಮುಗಿಸಬೇಕೆಂದು ಹುಮ್ಮಸ್ಸಿನಿಂದ ಶುರು ಮಾಡಿದೆ. ಏಳನೆಯ ಸುತ್ತಿಗೆ ಗುಡಿಯ ಹಿಂದಿನ ಗೋಡೆ ಹಿಡಿದು ನಿಂತೆ. ಉಸಿರು ಒಳಗೆ ಹೋಗುತ್ತಿತ್ತು, ಹೊರಗೆ ಬರಲು ಒಲ್ಲೆ ಎನ್ನುತ್ತಿತ್ತು. ನೂರೆಂಟರಲ್ಲಿ ಏಳು ಹೋದರೆ ನೂರಾ ಒಂದು. ಕಣ್ಣಲ್ಲಿ ನೀರು ಬಂತು. ಅದು ಭಕ್ತಿಗೆ ಬಂದದ್ದಲ್ಲ.

ಮರುದಿನವಲ್ಲ ಅದರ ಮರುದಿನ ಪ್ಯಾಸೆಂಜರ್ ರೈಲು ಹತ್ತಿ, ಮನೆಯವರ ಜೊತೆ ರಾಣೆಬೆನ್ನೂರಿಗೆ ಹೋದೆ. ತಂಗಿಯ ಹೆರಿಗೆಯ ಹೊತ್ತಿಗೆ ನನ್ನ ಎದೆಯ ಸದ್ದು ಕೇಳಿ, "ನೀನೂ ಒಮ್ಮೆ ಬಂದು ತೋರಿಸು" ಎಂದಿದ್ದ ವಯಸ್ಸಾದ ಡಾಕ್ಟರರ ಹತ್ತಿರ. ಅದಕ್ಕೂ ಮುಂಚೆ ಹಾವೇರಿಯವರೊಬ್ಬರ ಕಷಾಯ, ಯಾರೋ ಹೇಳಿದ ಆಡುಸೋಗೆ ಎಲೆ, ಇನ್ಯಾರೋ ಕೊಟ್ಟ ಪುಡಿ, ಎಲ್ಲ ಆಗಿತ್ತು. ಎಲ್ಲರೂ ಹೇಳುತ್ತಿದ್ದದ್ದು ಒಂದೇ: ನಡೆಯಬೇಡ, ಭಾರ ಎತ್ತಬೇಡ, ಸುಮ್ಮನೆ ಕೂತಿರು.

ಡಾಕ್ಟರರು ಎದೆ, ಬೆನ್ನು ನೋಡಿ ಕೇಳಿದರು. "ಎಷ್ಟ ಸುತ್ತಿಗೆ ದಮ್ಮ ಹತ್ತಿತವ್ವಾ?"

"ಏಳಕ್ಕರಿ."

"ಎಷ್ಟ ಹಾಕಬೇಕಾಗೇತಿ?"

"ನೂರೆಂಟರಿ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಈಗ ಬೈಗುಳ ಬಂತು ಎಂದುಕೊಂಡೆ. "ಹಾಕಬಹುದು" ಎಂದರು.

ನಾನು, ನಮ್ಮ ಮನೆಯವರು ಮುಖ ಮುಖ ನೋಡಿಕೊಂಡೆವು. "ದಮ್ಮಿನವರು ನಡೀಬಾರದು ಅಂತಾರಲ್ರಿ ಎಲ್ಲಾರೂ?"

"ಕುಂತ ಕುಂತನ ಎದಿ ಸೋಲತೈತಿ. ನಡೀಬೇಕು. ಆದ್ರ ಹುಂಬರಂಗ ಅಲ್ಲ, ಹಿಕಮತ್ತಲೆ ನಡೀಬೇಕು." ಮೇಜಿನ ಖಾನೆಯಿಂದ ಬೆರಳಿನಷ್ಟು ಉದ್ದದ ಒಂದು ಪಂಪು ತೆಗೆದು ಬಾಯಿಗಿಟ್ಟು ಒತ್ತುವುದನ್ನು, ಒತ್ತುವಾಗಲೇ ಉಸಿರು ಎಳೆಯುವುದನ್ನು ತೋರಿಸಿದರು. "ಎರಡ ಸಲ ಇದನ್ನ ಎಳಕೊಂಡು, ಕಾಲ ತಾಸ ಬಿಟ್ಟು ಶುರು ಮಾಡು. ಮೊದಲಿನ ಸುತ್ತ ಸಾವಕಾಶ, ಎಮ್ಮಿ ನಡದಂಗ. ಮೂಗಿಗೆ ತೊಯ್ಸಿ ಹಿಂಡಿದ ಅರಿವಿ ಕಟಗೋ. ಮತ್ತ ಮಾತಾಡಿಕೋತ ನಡಿ. ಒಂದ ಪೂರಾ ಮಾತ ಆಡಾಕ ಬಂತಂದ್ರ ಮುಂದ ಹೋಗು. ಮಾತ ನಡುವ ತುಂಡಾತಂದ್ರ ನಿಂದ್ರು."

"ಒಬ್ಬಾಕೀನ ಮಾತಾಡಿಕೋತ ಸುತ್ತಿದ್ರ ಮಂದಿ ಹುಚ್ಚಿ ಅಂತಾರ್ರಿ."

"ಹಂಗಾದ್ರ ಮಾತಾಡೋರನ್ನ ಕರಕೊಂಡ ಹೋಗು. ನಿಮ್ಮ ಓಣ್ಯಾಗ ಅಂಥವರಿಗೇನ ಬರಗಾಲ ಬಂದೈತಿ?"

"ನಡುವ ನಿಂತ್ರ ನಡೀತೈತೇನ್ರಿ?"

"ಹರಕಿ ಹೊತ್ತಾಗ ಏನಂದಿದ್ದಿ?"

"ಕುಂದ್ರೂದಿಲ್ಲ ಅಂದಿದ್ದೆರಿ."

"ಮತ್ತ ಕುಂದ್ರಬ್ಯಾಡ. ನಿಂತ್ರ ಹಣಮಪ್ಪ ಬ್ಯಾಡ ಅಂತಾನೇನು?"

ರೈಲಿನಲ್ಲಿ ವಾಪಸು ಬರುವಾಗ ಆ ಪಂಪನ್ನು ಕರವಸ್ತ್ರದಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದೆ. ಮೊದಲ ಸಲ ಒಬ್ಬರು "ಹಾಕಬಹುದು" ಎಂದಿದ್ದರು. ಅವತ್ತು ಸಂಜೆ ದೀಪ ಹಚ್ಚುವಾಗ ಅದನ್ನು ಎಣಿಸಿದೆ. ದೇವರು ಆ ದಿನ ಏನು ಕೊಟ್ಟ ಎಂದು ದೀಪದ ಮುಂದೆ ಬೆರಳು ಮಡಚುವುದು ನನ್ನ ರೂಢಿ. ಕೆಲವು ದಿನ ಒಂದು ಬೆರಳು, ಕೆಲವು ದಿನ ಮೂರು. ಬೆರಳೇ ಮಡಚದ ದಿನ ಮಾತ್ರ ಯಾವತ್ತೂ ಬಂದಿಲ್ಲ.

ಅತ್ತೆಗೆ ಪಂಪು ಕಣ್ಣಿಗೆ ಬೀಳಬಾರದು. "ಒಮ್ಮೆ ಹಿಡದ್ರ ಬಿಡೂದಿಲ್ಲಂತ ಅದು. ತಂಬಾಕದಂಗ ಚಟಾ" ಎನ್ನುತ್ತಿದ್ದರು, ಬಾಯಲ್ಲಿ ಎಲೆ ಅಡಿಕೆ ತಂಬಾಕು ತುಂಬಿಕೊಂಡು.

ಮಾತಾಡುವವರನ್ನು ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಹಿಂದಿನ ಓಣಿಯ ಆಪಾ ಇದ್ದಳು, ಆಪಾ ಅಂದರೆ ಅವರ ಮಾತಿನಲ್ಲಿ ಅಕ್ಕ. ನನಗಿಂತ ಹತ್ತು ವರ್ಷ ದೊಡ್ಡವಳು. ಅವಳ ಸೊಸೆಯರು ಬಂದ ಮೇಲೆ ಅಡಿಗೆಮನೆ ಅವರ ಕೈಗೆ ಹೋಗಿ, ಅವಳ ಹತ್ತಿರ ಹೊತ್ತೂ ಮಾತೂ ಎರಡೂ ಮಿಕ್ಕಿದ್ದವು. ವಿಷಯ ಹೇಳಿದಾಗ, "ಇಷ್ಟೇನಾ? ಮಾತಾಡೂದೂ ದೇವರ ಇಬಾದತ್ತಂದ್ರ ನಾ ಯಾವಾಗಲೋ ಜನ್ನತ್ತಿಗೆ ಹೋಗ್ತಿದ್ದೆ ತಂಗಿ" ಎಂದು ನಕ್ಕಳು. ಮುಂಜಾನೆಯ ನಮಾಜು ಮುಗಿಸಿ, ಚಹಾ ಕುಡಿದು, ನನ್ನ ಜೊತೆ ಹೊರಡುತ್ತಿದ್ದಳು. ನಾನು ಸುತ್ತು ಹಾಕುವಾಗ ಅವಳು ಬೇವಿನ ಕಟ್ಟೆಯ ಮೇಲೆ ಕೂತು ತಸ್ಬಿಯ ಮಣಿ ಸರಿಸುತ್ತ ನನ್ನ ಸುತ್ತುಗಳನ್ನು ಎಣಿಸುತ್ತಿದ್ದಳು. ನಾನು ಪ್ರತಿ ಸಲ ಕಟ್ಟೆಯ ಎದುರು ಬಂದಾಗ ಒಂದು ಪ್ರಶ್ನೆ.

"ನಿನ್ನಿ ಪಲ್ಯಾ ಏನ ಮಾಡಿದ್ದಿ?"

"ಹೀರಿಕಾಯಿ."

"ಒಂದ ಮಾತಿನ ಉತ್ತರ ನಡಿಯೂದಿಲ್ಲ. ಡಾಕ್ಟರು ಪೂರಾ ಮಾತ ಅಂದಾರ. ಪೂರಾ ಹೇಳು."

ಮುಂದಿನ ಸುತ್ತಿಗೆ ಪೂರಾ ಹೇಳುತ್ತಿದ್ದೆ. "ನಿನ್ನಿ ನಮ್ಮನಿಯಾಗ ಹೀರಿಕಾಯಿ ಪಲ್ಯಾ ಮಾಡಿದ್ವಿ, ಉಪ್ಪ ಹೆಚ್ಚಾಗಿತ್ತು, ಅತ್ತಿಯವರು ಬೈದ್ರು."

"ಶಾಬಾಸ್. ಏನಂತ ಬೈದ್ರು?"

ಅದಕ್ಕೆ ಉತ್ತರ ಅದರ ಮುಂದಿನ ಸುತ್ತಿಗೆ. ಹೀಗೆ ನಮ್ಮ ಮನೆಯ ಎಲ್ಲ ಸುದ್ದಿಯೂ ಹಣಮಪ್ಪನ ಸುತ್ತ ತಿರುಗಿತು. ನನ್ನ ಸುದ್ದಿ ಮುಗಿದಾಗ ಅವಳು ತನ್ನದು ಶುರು ಮಾಡಿದಳು. ಅವಳ ತಮ್ಮನ ಮಗಳ ಮದುವೆ ಹಾವೇರಿಯಲ್ಲಿ. ರಾಣೆಬೆನ್ನೂರು ಕಡೆಯಿಂದ ರೈಲಿನಲ್ಲಿ ಹೊರಟ ವರನ ಕಡೆಯವರು ನಿದ್ದೆಗಣ್ಣಿನಲ್ಲಿ ಬ್ಯಾಡಗಿಯಲ್ಲೇ ಇಳಿದುಬಿಟ್ಟಿದ್ದರು, ವರ ಮಾತ್ರ ಗಾಡಿಯಲ್ಲಿ ಮಲಗಿ ಹಾವೇರಿಗೆ ಹೋಗಿದ್ದ. ಒಂದು ಸುತ್ತಿಗೆ ಒಂದೇ ವಾಕ್ಯ. ಮುಂದೇನಾಯಿತೆಂದು ತಿಳಿಯಲು ನಾನು ಸುತ್ತು ಹಾಕಲೇಬೇಕು. ಎರಡನೆಯ ಶನಿವಾರ ಇಪ್ಪತ್ತೊಂದಾಯಿತು. ಮೂರನೆಯದಕ್ಕೆ ನಲವತ್ತು.

ನಡುವಿನ ದಿನಗಳಲ್ಲೂ ನಡೆಯುತ್ತಿದ್ದೆ. ಸೊಸೆಯಾದವಳು ಸುಮ್ಮನೆ ನಡೆಯಲು ಬರುತ್ತಿರಲಿಲ್ಲ. ಕೈ ಬೀಸಿಕೊಂಡು ಹೊರಟರೆ ಹತ್ತು ಬಾಗಿಲಿನಿಂದ, "ಯಾಕವ್ವಾ, ಎಲ್ಲಿಗೆ ಹೊಂಟಿ?" ಆದರೆ ಕೈಯಲ್ಲಿ ಹೂವಿನ ಬುಟ್ಟಿ ಇದ್ದರೆ ಒಬ್ಬರೂ ಕೇಳುತ್ತಿರಲಿಲ್ಲ. ನಾಲ್ಕು ದಾಸವಾಳ ಹಾಕಿಕೊಂಡು ಊರ ತುದಿಯವರೆಗೂ ಹೋಗಿ ಬರುತ್ತಿದ್ದೆ. ಕಾಲಿಗೆ ದಾರಿ ಗೊತ್ತಾಯಿತು. ಎದೆಗೂ ಒಂದು ಲಯ ಸಿಕ್ಕಿತು: ಎರಡು ಹೆಜ್ಜೆಗೆ ಉಸಿರು ಒಳಗೆ, ಮೂರು ಹೆಜ್ಜೆಗೆ ಹೊರಗೆ, ಬಾಯಲ್ಲಿ ರಾಮ ರಾಮ. ನಾಲ್ಕನೆಯ ಶನಿವಾರ ಎಪ್ಪತ್ತೆರಡು ಸುತ್ತು ಮುಗಿಸಿ, ಮಾತು ತುಂಡಾದಾಗ ನಿಂತು, ಮನೆಗೆ ನಡೆದೇ ಬಂದೆ. ಬಂದು ಎರಡು ಕೊಡ ನೀರು ಸೇದಿದೆ. ಅತ್ತೆ ಬಾವಿಯ ಕಟ್ಟೆಯ ಹತ್ತಿರ ನಿಂತು ನೋಡುತ್ತಿದ್ದರು. "ಆ ಬೂಬಮ್ಮನ ಬಾಯಿ ನಿಂದ್ರೂದಿಲ್ಲ, ನಿನ್ನ ಕಾಲ ನಿಂದ್ರೂದಿಲ್ಲ. ಛಲೋ ಜೋಡಿ" ಎಂದರು. ಅವರ ಬಾಯಲ್ಲಿ ಅದು ಹೊಗಳಿಕೆ.

ಐದನೆಯ ಶನಿವಾರ ನೂರೆಂಟೂ ಮುಗಿಸಿಬಿಡುವುದೆಂದು ನಿರ್ಧಾರವಾಯಿತು. ಆರನೆಯದು ಕೈಯಲ್ಲಿ ಹೆಚ್ಚಿಗೆ ಇರಲಿ ಎಂದು. ಶುಕ್ರವಾರ ಮಧ್ಯಾಹ್ನ ತೊಟ್ಟು ಬಿಡಿಸುವ ಹೆಂಗಸರು ನಮ್ಮ ಕಟ್ಟೆಯ ಹತ್ತಿರ ನಿಂತು, "ನಿಮ್ಮ ಸೊಸಿ ಮಾರಿಗೆ ಎಂಥಾ ಕಳೆ ಬಂದೈತ್ರಿ! ಮುಂಚೆ ಒಣಗಿದ ಹುರಳಿಕಾಯಿಯಂಗ ಇದ್ಲು" ಎಂದು ಹೇಳಿ ಹೋದರು. ಅಷ್ಟು ಸಾಕಾಯಿತು. ದೀಪ ಹಚ್ಚುವ ಹೊತ್ತಿಗೆ ಅತ್ತೆ ನನ್ನನ್ನು ಹೊಸ್ತಿಲ ಒಳಗೆ ಕೂರಿಸಿದರು. ಕೆಂಡದ ಬಾಣಲೆ ಪಕ್ಕದಲ್ಲಿತ್ತು. ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ನನ್ನ ಮುಖಕ್ಕೆ ಮೂರು ಸಲ ಇಳಿ ತೆಗೆದು, "ಬಂದವರ ಕಣ್ಣ, ಹೋದವರ ಕಣ್ಣ, ಓಣ್ಯಾನವರ ಕಣ್ಣ" ಎನ್ನುತ್ತ ಕೆಂಡಕ್ಕೆ ಸುರಿದರು.

ದೃಷ್ಟಿ ತೆಗೆಯುವುದು ನಮ್ಮ ಮನೆಯಲ್ಲಿ ಹೊಸದಲ್ಲ. ಹಿಂದೆ ಎಷ್ಟೋ ಸಲ ತೆಗೆದಿದ್ದರು, ನನಗೆ ಏನೂ ಆಗಿರಲಿಲ್ಲ, ಅದಕ್ಕೇ ಸುಮ್ಮನೆ ಕೂತೆ. ಅವತ್ತು ಮಾತ್ರ ಕೆಂಡದಿಂದ ಎದ್ದ ಹೊಗೆ ಬೇರೆಯೇ ಆಗಿತ್ತು. ಒಂದು ಉಸಿರು ಎಳೆದದ್ದು ನೆನಪಿದೆ. ಆಮೇಲೆ ಗಂಟಲಿಗೆ ಯಾರೋ ಬೆಣೆ ಹೊಡೆದ ಹಾಗೆ. ನಮ್ಮ ಮನೆಯವರು ಓಡಿ ಬಂದು ಬಾಣಲೆಯನ್ನು ಹೊರಗೆ ಒಗೆದು, ನನ್ನನ್ನು ಹಿತ್ತಲಿಗೆ ಕರೆದೊಯ್ದು ಪಂಪು ಬಾಯಿಗಿಟ್ಟರು. ಓಣಿಯ ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟರು. ತಾಸೊಂದು ಕಳೆದ ಮೇಲೆ ಉಸಿರು ಹದಕ್ಕೆ ಬಂತು. "ಮೂರು ದಿನ ಅಲ್ಲಾಡಬಾರದು" ಎಂದು ಹೇಳಿ ಹೋದರು. ಐದನೆಯ ಶನಿವಾರ ಹೋಯಿತು.

ನಮ್ಮ ಮನೆಯವರು ಯಾವತ್ತೂ ತಾಯಿಗೆ ಎದುರು ಮಾತಾಡಿದವರಲ್ಲ. ಅವತ್ತು ಕೇಳಿದರು. "ಏನ ಹಾಕಿದ್ದೆವ್ವಾ ಕೆಂಡಕ್ಕ?"

ಅತ್ತೆ ನೆಲ ನೋಡುತ್ತ ಹೇಳಿದರು. "ಗುಂಟೂರ ಕಾಯಿ."

"ಬ್ಯಾಡಗ್ಯಾಗ ಕುಂತು ಗುಂಟೂರ ಕಾಯಿ?"

"ನಮ್ಮ ಕಾಯಿಗೆ ಬಣ್ಣ ಐತಿ, ಖಾರ ಎಲ್ಲೈತಿ? ಘಾಟ ಬರದಿದ್ರ ದೃಷ್ಟಿ ಆಗೇತಿ ಅಂತ ಲೆಕ್ಕ. ನಮ್ಮ ಕಾಯಿ ಹಾಕಿದ್ರ ಯಾವಾಗಲೂ ಘಾಟ ಬರೂದಿಲ್ಲ, ಯಾವಾಗಲೂ ದೃಷ್ಟಿ ಆಗೇತಿ ಅಂತನ ಬರತೈತಿ. ಇವತ್ತರೆ ಖರೇ ತಿಳೀಲಿ ಅಂತ ಅಂಗಡ್ಯಾನ ಚೀಲದಾಗಿಂದ ಹನ್ನೊಂದ ಕಾಯಿ ಆರಿಸಿ ತಂದಿದ್ದೆ." ಆಮೇಲೆ, "ಮಂದಿ ಕಣ್ಣ ತಗಿಯಾಕ ಹೋದೆ. ನನ್ನ ಕೈಯಾಗ ಕೂಸ ಸಾಯತಿತ್ತು" ಎಂದರು.

ನನ್ನನ್ನು ಕೂಸು ಎಂದಿದ್ದರು. ನನಗೆ ಆಗ ಮೂವತ್ತೆರಡು ವರ್ಷ. ಮಾತಾಡಲು ಆಗುತ್ತಿರಲಿಲ್ಲ, ಅವರ ಕೈ ಹಿಡಿದೆ. ನಕ್ಕೆ ಕೂಡ, ಹನ್ನೊಂದು ಗುಂಟೂರು ಕಾಯಿ ನೆನೆದು. ನಕ್ಕಿದ್ದಕ್ಕೆ ಮತ್ತೆ ಕೆಮ್ಮು ಬಂತು, "ನಗಬ್ಯಾಡ ಬೇ" ಎಂದು ಅತ್ತೆ ಬೈದರು. ಆ ದಿನದ ಬೆರಳು ಅದೇ.

ಉಳಿದದ್ದು ಒಂದೇ ಶನಿವಾರ. ಅದರ ಎರಡನೆಯ ದಿನವೇ ಜವಳ. ಅದು ತಪ್ಪಿದರೆ ಕುಪ್ಪೇಲೂರಿನಲ್ಲಿ ಮಾಡಿದ ತಯಾರಿ ನಿಲ್ಲುತ್ತಿತ್ತು, ಕೂಸಿಗೆ ವರ್ಷ ತುಂಬಿಬಿಡುತ್ತಿತ್ತು. ಬುಧವಾರದಿಂದ ಅಂಗಳದಲ್ಲಿ ಸಾವಕಾಶ ನಡೆಯಲು ಶುರು ಮಾಡಿದೆ. ಅತ್ತೆ ಎಲೆ ಅಡಿಕೆ ಹಾಕಿಕೊಂಡು ಕಂಬಕ್ಕೆ ಒರಗಿ ಕೂತು ನೋಡುತ್ತಿದ್ದರು.

ಶನಿವಾರ ಬೆಳಕು ಹರಿಯುವ ಹೊತ್ತಿಗೆ ಎದ್ದು ನೋಡಿದರೆ ಅತ್ತೆ ಮನೆಯಲ್ಲಿ ಇರಲಿಲ್ಲ. ಸ್ನಾನ ಮಾಡಿ, ಪಂಪು ಎರಡು ಸಲ ಎಳೆದುಕೊಂಡು, ಅದನ್ನು ದೇವರ ಗೂಡಿನ ಮುಂದೆ ಇಟ್ಟು ದೀಪ ಹಚ್ಚಿದೆ. ಆಪಾ ಬಾಗಿಲಿಗೆ ಬಂದು ಕರೆದಾಗ ಲಗುಬಗೆಯಿಂದ ಹೊರಟೆ. ಗುಡಿಗೆ ಹೋಗಿ ನೋಡುತ್ತೇನೆ, ಅತ್ತೆ ಸೀರೆ ಎತ್ತಿ ಕಟ್ಟಿ, ಪಕ್ಕದ ಬೋರಿನಿಂದ ಕೊಡ ಕೊಡ ನೀರು ತಂದು ಸುತ್ತಿನ ದಾರಿಗೆಲ್ಲ ಚಿಮುಕಿಸುತ್ತಿದ್ದರು. ಒಣ ಮಣ್ಣು ತೊಯ್ದು ಮಳೆ ಬಿದ್ದ ವಾಸನೆ ಬರುತ್ತಿತ್ತು. ಧೂಳಿನ ಹೆಸರಿಲ್ಲ.

"ನಿಂತ ಏನ ನೋಡತಿ? ಸುತ್ತು" ಎಂದರು.

ಸುತ್ತಿದೆ. ಆಪಾ ಕಟ್ಟೆಯ ಮೇಲೆ ತಸ್ಬಿ ಹಿಡಿದಳು. ಅವಳ ಮಣಿಯ ಮೇಲೆ ನಂಬಿಕೆ ಸಾಲದೆ ಅತ್ತೆ ಇನ್ನೊಂದು ತುದಿಗೆ ಕೂತು, ನೂರೆಂಟು ಜೋಳದ ಕಾಳು ಎಣಿಸಿ ತಂದದ್ದನ್ನು ಸುತ್ತಿಗೊಂದರಂತೆ ತಂಬಿಗೆಗೆ ಹಾಕತೊಡಗಿದರು. ಆಪಾ ಮದುವೆಯ ಕಥೆಯ ಕೊನೆಯನ್ನು ಈ ದಿನಕ್ಕೆಂದೇ ಕಟ್ಟಿಟ್ಟಿದ್ದಳು. ಹತ್ತನೆಯ ಸುತ್ತಿಗೆ ವರ ಹಾವೇರಿಯಲ್ಲಿ ಒಬ್ಬನೇ ಇಳಿದ. ಇಪ್ಪತ್ತಕ್ಕೆ ಅವನನ್ನು ಯಾರೂ ಗುರುತು ಹಿಡಿಯಲಿಲ್ಲ. ಮೂವತ್ತೈದಕ್ಕೆ ಅವನು ಚಹಾದ ಅಂಗಡಿಯಲ್ಲಿ ಕೂತು ಪೂರಿ ತಿನ್ನುತ್ತಿದ್ದ. ಅತ್ತೆ ಮೊದಲು ಮುಖ ತಿರುಗಿಸಿ ಕೂತಿದ್ದವರು, ಐವತ್ತಕ್ಕೆ, "ಮುಂದ ಏನಾತು?" ಎಂದು ತಾವೇ ಕೇಳಿದರು.

"ಅಕಿ ಸುತ್ತ ಬರಲಿ ಅಮ್ಮಾ. ಸುತ್ತ ಬರದ ಹೇಳೂದಿಲ್ಲ."

"ಲಗೂ ಬಾ ಬೇ!" ಎಂದು ಅತ್ತೆ ನನ್ನನ್ನು ಕೂಗಿದರು.

ಎಪ್ಪತ್ತು ದಾಟಿತು. ಎಂಬತ್ತನೆಯ ಸುತ್ತಿನಲ್ಲಿ ರಸ್ತೆಯಲ್ಲಿ ಮೆಣಸಿನಕಾಯಿ ತುಂಬಿದ ಟ್ರ್ಯಾಕ್ಟರು ಹೋಯಿತು. ಮೇಲೆ ಹೊದಿಸಿದ ತಾಡಪತ್ರಿ ಒಂದು ಕಡೆ ಬಿಚ್ಚಿ ಪಟಪಟ ಹೊಡೆಯುತ್ತಿತ್ತು. ಕೆಂಪು ಧೂಳು ಗುಡಿಯ ಮೇಲೆ ಹಾದು ಬಂತು. ಒದ್ದೆ ಬಟ್ಟೆ ಒತ್ತಿ ಹಿಡಿದೆ, ಆದರೂ ಸೀನು ಶುರುವಾಯಿತು. ಹನ್ನೆರಡು ಎಣಿಸಿದೆ. ಎದೆಯೊಳಗೆ ಪೀಪಿ. ಬೇವಿನ ಮರ ಹಿಡಿದು ನಿಂತೆ. ಆಪಾ, "ವರನ ಅಪ್ಪನ ಹೆಸರೇನಂದಿದ್ದೆ ಹೇಳು?" ಎಂದಳು. ಮೂರನೆಯ ಅಕ್ಷರಕ್ಕೆ ಮಾತು ತುಂಡಾಯಿತು. ಕಾಲು ನಡುಗಿ ಬಾಗತೊಡಗಿದವು. ಕಟ್ಟೆ ಒಂದು ಗೇಣು ದೂರದಲ್ಲಿತ್ತು. ಕೂತರೆ ಮುಗಿಯಿತು. ಪಂಪಿಗೆಂದು ಸೊಂಟ ತಡವಿದೆ, ಇರಲಿಲ್ಲ. ಅವಸರದಲ್ಲಿ ದೇವರ ಗೂಡಿನ ಮುಂದೆಯೇ ಬಿಟ್ಟು ಬಂದಿದ್ದೆ.

ಅತ್ತೆ ಎದ್ದು ಬಂದರು. ಒಂದು ಕೈ ನನ್ನ ರಟ್ಟೆಗೆ ಕೊಟ್ಟು, ಇನ್ನೊಂದು ಕೈಯಿಂದ ಸೊಂಟದ ಎಲೆ ಅಡಿಕೆ ಚೀಲ ಬಿಚ್ಚಿ, ಅಡಕತ್ತರಿ, ಸುಣ್ಣದ ಡಬ್ಬಿಯ ಕೆಳಗಿನಿಂದ ಒಂದು ಪಂಪು ತೆಗೆದರು. ಹೊಚ್ಚ ಹೊಸದು. ಆ ಶುಕ್ರವಾರದ ಮರುದಿನವೇ ಮಗನಿಗೆ ಹೇಳಿ ರಾಣೆಬೆನ್ನೂರಿನಿಂದ ಇನ್ನೊಂದನ್ನು ತರಿಸಿ ತಮ್ಮ ಹತ್ತಿರ ಇಟ್ಟುಕೊಂಡಿದ್ದರಂತೆ. ಅದಕ್ಕೆ ಎಲೆಯ ವಾಸನೆ ಹತ್ತಿತ್ತು.

"ತಗೋ. ಎಳಕೋ."

"ಹರಕಿ..." ಎಂದೆ.

"ಹಣಮಪ್ಪ ಯಾರ ಮಗ? ಗಾಳೀ ಮಗ ಹೌದಲ್ಲ? ಅವರಪ್ಪನ್ನ ಈ ಡಬ್ಬ್ಯಾಗ ತುಂಬಿ ಕೊಟ್ಟಾರ. ಅವ್ನ ಗುಡಿ ಮುಂದ ತಗೊಂಡ್ರ ಅವ್ನೇನ ಸಿಟ್ಟಾಗತಾನ? ಎಳಕೋ."

ಎರಡು ಸಲ ಎಳೆದುಕೊಂಡೆ. ಅತ್ತೆಯ ಭುಜ ಹಿಡಿದು ನಿಂತೇ ಇದ್ದೆ. ಎಷ್ಟು ಹೊತ್ತೋ ತಿಳಿಯದು. ಬಿಸಿಲು ಗುಡಿಯ ಕಳಸದಿಂದ ಇಳಿದು ಬಾಗಿಲಿಗೆ ಬಂದಿತ್ತು. ಆಪಾ ಮಣಿಯನ್ನು ಎಂಬತ್ತಕ್ಕೇ ಹಿಡಿದು ಕಣ್ಣು ಮುಚ್ಚಿ ಏನೋ ಓದುತ್ತಿದ್ದಳು. ನಿಧಾನವಾಗಿ ಪೀಪಿ ಸಣ್ಣದಾಯಿತು. ಆಮೇಲೆ ನಿಂತಿತು. "ವರನ ಅಪ್ಪನ ಹೆಸರ ನೀ ಹೇಳೇ ಇಲ್ಲಲ್ಲ ಆಪಾ" ಎಂದೆ, ಪೂರಾ, ಒಂದೇ ಉಸಿರಿಗೆ. ಇಬ್ಬರೂ ಜೋರಾಗಿ ನಕ್ಕರು. ಮತ್ತೆ ಹೊರಟೆ, ಎಮ್ಮೆ ನಡೆದ ಹಾಗೆ.

ತೊಂಬತ್ತೊಂಬತ್ತಕ್ಕೆ ಆಪಾ, "ನನ್ನ ಮಣಿ ಮುಗದ್ವು, ಇನ್ನ ಒಂಬತ್ತ ಬೆರಳಿನ ಮ್ಯಾಲೆ" ಎಂದು ಕೂಗಿದಳು. ಒಂಬತ್ತು ಬೆರಳೂ ಮುಗಿದವು. "ನೂರೆಂಟು!" ಎಂದಳು.

"ನೂರೇಳು" ಎಂದರು ಅತ್ತೆ. ಅವರ ಮುಂದೆ ಒಂದು ಕಾಳು ಉಳಿದಿತ್ತು.

"ಅಮ್ಮಾ, ನೀವು ಪಂಪ ತಗಿಯಾಕ ಎದ್ದಾಗ ಒಂದ ಕಾಳ ಬಿಟ್ಟೀರಿ."

"ನಾ ಬಿಡ್ತೇನಿ? ನಿನ್ನ ಮಣಿ ಬಾಯಾಗ ಮಾತಿದ್ದಾಗ ತಾನ ಜಾರ್ಯಾವ."

ಅವರಿಬ್ಬರೂ ಜಗಳಾಡುತ್ತಿರುವಾಗ ನಾನು ಹೋಗಿ ಇನ್ನೊಂದು ಸುತ್ತು ಹಾಕಿ ಬಂದೆ. ಹರಕೆ ಆಪಾಳ ಲೆಕ್ಕದಲ್ಲಿ ಮುಗಿದಿತ್ತು, ಅತ್ತೆಯ ಲೆಕ್ಕದಲ್ಲಿ ಆಗಷ್ಟೇ ಮುಗಿಯಿತು. ನನಗೆ ಮಾತ್ರ ಆ ಸುತ್ತಿನಲ್ಲಿ ಹಲಗೇರಿಯ ಹೊಲದ ಬದುವು ನೆನಪಾಯಿತು. ಕಾಲು ತಾವಾಗಿಯೇ ಹೋಗುತ್ತಿದ್ದವು. ಬಾಗಿಲ ಮುಂದೆ ನಿಂತು ಹಣಮಪ್ಪನ ಮುಖ ನೋಡಿದೆ. ಕುಂಕುಮ ಬಳಿದ ಆ ಮುಖ ನಗುತ್ತಿತ್ತೋ ಇಲ್ಲವೋ ಹೇಳಲಾರೆ, ನಾನು ನಗುತ್ತಿದ್ದೆ.

ಸೋಮವಾರ ಕುಪ್ಪೇಲೂರಿನಲ್ಲಿ ಸೋದರಮಾವನ ತೊಡೆಯ ಮೇಲೆ ಕೂತು ಕೂಸು ತಲೆ ಬೋಳಿಸಿಕೊಂಡಿತು. ಅಳುತ್ತದೆ ಎಂದು ಎಲ್ಲರೂ ಕಾದರೆ, ತನ್ನ ತಲೆ ತಾನೇ ತಡವಿಕೊಂಡು ಕಿಲಕಿಲ ನಕ್ಕಿತು. ತಂಗಿ ಕೂಸನ್ನು ತಂದು ನನ್ನ ಕೈಗೆ ಕೊಟ್ಟಳು. ವರ ಹಾವೇರಿಯಲ್ಲಿ ಕೊನೆಗೆ ಹೇಗೆ ಮದುವೆಯಾದ ಎನ್ನುವುದನ್ನು ನಮ್ಮ ಅತ್ತೆ ಅಲ್ಲಿದ್ದವರಿಗೆಲ್ಲ ಹೇಳಿದರು, ತಾವೇ ಕಂಡವರ ಹಾಗೆ.

ಅದು ಸೋಮವಾರದ ಮಾತು. ಶನಿವಾರ ಗುಡಿಯಿಂದ ಮನೆಗೆ ಬಂದಾಗ ಅತ್ತೆ ನನ್ನನ್ನು ಹೊಸ್ತಿಲ ಹೊರಗೇ ನಿಲ್ಲಿಸಿದರು. ದೃಷ್ಟಿ ತೆಗೆಯದೆ ಒಳಗೆ ಬಿಡುವುದಿಲ್ಲ ಎಂದರು. ನಾನು ಸೆರಗು ಮೂಗಿಗೆ ಒತ್ತಿಕೊಂಡೆ. ಆದರೆ ಅವರು ತಂದದ್ದು ಒಂದು ಬಟ್ಟಲು ನೀರು. ಮುಷ್ಟಿ ಉಪ್ಪನ್ನು ಮೂರು ಸಲ ಇಳಿಸಿ ಅದರಲ್ಲಿ ಹಾಕಿದರು. ಉಪ್ಪು ಸದ್ದಿಲ್ಲದೆ ಕರಗಿತು. "ಹಿಂಗೂ ಹೋಗತೈತಿ" ಎಂದು ಆ ನೀರನ್ನು ಓಣಿಯ ಮೂಲೆಗೆ ಚೆಲ್ಲಿ ಬಂದರು.

ಆಗಲೇ ಹತ್ತು ಗಂಟೆ ಮೀರಿತ್ತು. ಮಧ್ಯಾಹ್ನದ ಊಟಕ್ಕೆ ರೊಟ್ಟಿ ಆಗಬೇಕು. ಸಾಣಿಗೆಯನ್ನು ಗೂಟದಿಂದ ತೆಗೆಯಲು ಹೋದೆ, ಅದು ಗೂಟದ ಮೇಲೆ ಇರಲಿಲ್ಲ. ಒಲೆಯ ಪಕ್ಕದ ಪರಾತದಲ್ಲಿ ಹಿಟ್ಟು ಆಗಲೇ ಸಾಣಿಸಿ ಇಟ್ಟಿತ್ತು, ಮೇಲೆ ಒದ್ದೆ ಬಟ್ಟೆ ಮುಚ್ಚಿತ್ತು. ಗುಡಿಗೆ ನೀರು ಹಾಕಲು ಹೋಗುವ ಮುಂಚೆಯೇ ಮಾಡಿಟ್ಟಿದ್ದರು ಅತ್ತೆ. ಆ ದಿನ ಎಷ್ಟು ಬೆರಳು ಮಡಚಬೇಕೋ ಎಂದುಕೊಂಡು, ಒಲೆಗೆ ಎಸರಿಟ್ಟೆ. ನೀರು ಕುದಿಯಿತು. ಹಿಟ್ಟಿನ ನಡುವೆ ಗುಂಡಿ ಮಾಡಿ, ಎಸರು ಸುರಿದು, ನಾದಲು ಕೂತೆ.